ತವರಿಗೆ ಹೋಗಿ ಬಂದ ರೊಟ್ಟಿ ಯಂತ್ರ

ರಿಪೇರಿ ಪುಕ್ಕಟೆ. ಅದಕ್ಕೆ ಖರ್ಚಾದದ್ದು ಸಾವಿರದ ಆರುನೂರು ಡಾಲರು, ಮೇಲೆ ಚಿಲ್ಲರೆ.

ಚಿಲ್ಲರೆ ಎಷ್ಟೆಂದು ಹೇಳುವುದಿಲ್ಲ, ಹೊಟ್ಟೆ ಉರಿಯುತ್ತದೆ. ಹೋಗುವಾಗಿನ ವಿಮಾನ ಸಾಗಣೆ, ಬರುವಾಗಿನ ವಿಮಾನ ಸಾಗಣೆ, ಮರದ ಪೆಟ್ಟಿಗೆ, ಭಾರತದಲ್ಲಿ ಬಿದ್ದ ಸುಂಕ, ಇಲ್ಲಿನ ಗೋದಾಮಿನಲ್ಲಿ ಪೆಟ್ಟಿಗೆ ಸುಮ್ಮನೆ ಕೂತದ್ದಕ್ಕೆ ಬಾಡಿಗೆ, ಕಸ್ಟಮ್ಸ್ ಬ್ರೋಕರಿನ ಫೀಸು. ಸಾಗಣೆಯೊಂದನ್ನು ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ಆಗಬೇಕಾಗಿಯೇ ಇರಲಿಲ್ಲ. ಆದದ್ದು ಯಾಕೆಂದರೆ, ನನಗೆ ತೆರಿಗೆ ಬೀಳಬಾರದೆಂದು ಎರಡು ದೇಶಗಳಲ್ಲಿ ಇಬ್ಬರು ಗಂಡಸರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಒಂದೇ ಉಪಕಾರ ಮಾಡಿದರು. ಒಬ್ಬರು ನನ್ನ ಯಜಮಾನರು. ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ರೊಟ್ಟಿ ಯಂತ್ರ ತಯಾರಿಸುವ ಪುಣ್ಯಾತ್ಮರು. ಶತ್ರುಗಳಾಗಿದ್ದರೆ ಇದರ ಕಾಲುಭಾಗದಲ್ಲಿ ಮುಗಿಯುತ್ತಿತ್ತು.

ನಾನು ಗದಗಿನವಳು. ಚೌಕಾಸಿ ನನಗೆ ಯಾರೂ ಕಲಿಸಿದ್ದಲ್ಲ. ಬದನೆಕಾಯಿ ಕೊಂಡರೆ ತೊಟ್ಟಿನ ತೂಕ ಕಳೆಯಿರಿ ಎನ್ನುವವಳು. ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಯಜಮಾನರ ಬೆನ್ನಿಗೆ ಅಮೆರಿಕದ ರೆಂಟನ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮೊದಮೊದಲು ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಪರಿಚಯದವರಿಗೆ ಕೊಡುತ್ತಿದ್ದೆ. ರೆಡ್ಮಂಡ್ ಕಡೆ ಸಾಫ್ಟ್‌ವೇರ್ ಬರೆಯುವ ನಮ್ಮ ವಿಜಯಪುರ, ಬಾಗಲಕೋಟೆಯ ಹುಡುಗರು ಮಧ್ಯಾಹ್ನ ಸಲಾಡ್ ತಿಂದು ಸಂಜೆಗೆ ನನ್ನ ಫೋನು ಬಡಿಯುತ್ತಿದ್ದರು. ರೊಟ್ಟಿಗೆ ದುಡ್ಡು, ಶೇಂಗಾ ಚಟ್ನಿ ಫ್ರೀ ಎಂದು ಹೇಳಿ ಚಟ್ನಿಯ ದುಡ್ಡನ್ನೂ ರೊಟ್ಟಿಯಲ್ಲೇ ತೆಗೆಯುತ್ತಿದ್ದೆ. ಯಾರೂ ಕೇಳಲಿಲ್ಲ. ಹಸಿದವರು ಲೆಕ್ಕ ಕೇಳುವುದಿಲ್ಲ.

ಹಾಗೇ ಬೆಳೆದು ರೆಂಟನ್ನಿನಲ್ಲಿ ತಾಸಿನ ಲೆಕ್ಕಕ್ಕೆ ಬಾಡಿಗೆ ಸಿಗುವ ಅಡುಗೆಮನೆಯೊಂದನ್ನು ಹಿಡಿದೆ, ಲೈಸೆನ್ಸ್ ಮಾಡಿಸಿದೆ. ಅಷ್ಟರಲ್ಲಿ ಬಲಗೈ ಮಣಿಕಟ್ಟು ಕೈಕೊಟ್ಟಿತು. ಡಾಕ್ಟರು ಇನ್ನು ರೊಟ್ಟಿ ಬಡಿಯಕೂಡದು ಎಂದರು. ಹಾಗೆಂದೇ ಊರಿಗೆ ಹೋದಾಗ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೂತು, ಎರಡು ಚಹಾ ಮತ್ತು ಒಂದು ಗಿರಮಿಟ್ಟಿನ ಅವಧಿಯ ಚೌಕಾಸಿ ನಡೆಸಿ, ಕರೆಂಟಿನ ರೊಟ್ಟಿ ಯಂತ್ರವೊಂದನ್ನು ಕೊಂಡು ತರಿಸಿದ್ದೆ. ಹಿಟ್ಟಿನ ಉಂಡೆ ಇಟ್ಟರೆ ಮೇಲಿನ ತಟ್ಟೆ ಇಳಿದು ಒತ್ತುತ್ತದೆ. ತೆಳ್ಳಗಿನ ದುಂಡು ರೊಟ್ಟಿ ಹೊರಗೆ.

ಯಂತ್ರ ಬಂದ ಧೈರ್ಯದ ಮೇಲೆಯೇ ರೆಡ್ಮಂಡಿನ ಒಂದು ಇಂಡಿಯನ್ ದಿನಸಿ ಅಂಗಡಿಯಲ್ಲಿ ನನಗೆ ಒಂದು ಶೆಲ್ಫು ಸಿಕ್ಕಿತು. ಸುಮ್ಮನೆ ಸಿಕ್ಕಿದ್ದಲ್ಲ. ಅಂಗಡಿಯವರು ಬೆಂಗಳೂರಿನಲ್ಲಿ ಓದಿದ ತೆಲುಗಿನವರು; ಕನ್ನಡ ಚೆನ್ನಾಗಿ ಬರುತ್ತದೆ, ಕಮಿಷನ್ ಅದಕ್ಕಿಂತ ಚೆನ್ನಾಗಿ ಬರುತ್ತದೆ. ನೂರಕ್ಕೆ ಮೂವತ್ತು ಕೇಳಿದರು. ಮುರಿದ ಪ್ಯಾಕೆಟ್ ನಾನೇ ವಾಪಸ್ ಒಯ್ಯುತ್ತೇನೆ ಎಂದು ಹೇಳಿ ಹದಿನೆಂಟಕ್ಕೆ ಇಳಿಸಿದೆ. ಶೆಲ್ಫು ಎಂಥದ್ದು ಅಂತೀರಿ! ನೆಟ್ಟಗೆ ಕಣ್ಣಿನ ಮಟ್ಟಕ್ಕೆ. ವ್ಯಾಪಾರ ತಿಳಿದವರಿಗೆ ಗೊತ್ತು, ಕಣ್ಣಿನ ಮಟ್ಟದ ಶೆಲ್ಫು ಮತ್ತು ಮೊಣಕಾಲ ಮಟ್ಟದ ಶೆಲ್ಫು ಎರಡರ ನಡುವೆ ಸ್ವರ್ಗ ಪಾತಾಳದ ಅಂತರ. ಬಗ್ಗಿ ರೊಟ್ಟಿ ಕೊಳ್ಳುವವರು ಕಡಿಮೆ.

ದೀಪಾವಳಿ ಮುಗಿದ ವಾರ ಯಂತ್ರ ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತು.

ಯಜಮಾನರು ಬಂದು ನೋಡಿದರು. ದಿನವೂ ವಿಮಾನ ನೋಡುವ ಮನುಷ್ಯ. ಎರಡು ಸ್ಕ್ರೂ ಬಿಚ್ಚಿ, ಮೂಸಿ, "ಮೋಟರ್ ಹೋಗೇತಿ," ಎಂದರು. ಅದು ನನ್ನ ಮೂಗಿಗೂ ಗೊತ್ತಾಗಿತ್ತು. ಕೆಂಟ್ ಊರಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಸುತ್ತು ಹಾಕಿ, "ಇದು ಟೋರ್ಟಿಯಾ ಪ್ರೆಸ್ಸಾ?" ಎಂದು ಕೇಳಿದ. ಅದರ ಅಕ್ಕ ಎಂದೆ. ಇಲ್ಲಿಯ ಮೋಟರ್ ಕೂರಿಸಲು ಒಂಬೈನೂರು ಡಾಲರ್, ನಡೆಯುತ್ತದೆಂದು ಗ್ಯಾರಂಟಿ ಇಲ್ಲ ಎಂದ. ಏಳುನೂರಕ್ಕೆ ಇಳಿಸಿದೆ, ಗ್ಯಾರಂಟಿ ಮಾತ್ರ ಹುಟ್ಟಲಿಲ್ಲ. ಚಹಾ ಕುಡಿಸಿ ಕಳಿಸಿದೆ.

ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಯಂತ್ರ ಮಾಡಿಕೊಟ್ಟ ಅಣ್ಣನಿಗೆ ನನ್ನ ದನಿ ಕೇಳಿದ್ದೇ ಖುಷಿ.

"ಅಕ್ಕಾರ, ಚಿಂತಿ ಯಾಕ್ರಿ? ಎರಡ ವರ್ಷ ಗ್ಯಾರಂಟಿ ಐತಲ್ರಿ. ತಂದ ಕೊಡ್ರಿ, ಪುಕ್ಕಟ ಮಾಡಿಕೊಡ್ತೀನಿ."

"ಅಣ್ಣಾರ, ನಾ ಅಮೆರಿಕಾದಾಗ ಅದೀನಿ."

"ಗೊತ್ತೈತ್ರಿ. ಯಾವಾಗ ಬರ್ತೀರಿ?"

ಬರೀ ಮೋಟರ್ ಕಳಿಸಿಕೊಡಿ ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. "ಮೋಟರ್ ತಾನಾಗಿ ಸುಡೂದಿಲ್ರಿ ಅಕ್ಕಾರ. ಒಳಗ ಏನೋ ಬಿಗಿ ಹಿಡದೈತಿ. ರೋಗಿನ್ನ ನೋಡದ ಗುಳಿಗಿ ಹೆಂಗ ಕೊಡ್ಲಿ?"

ಮಾತು ಸರಿಯೇ. ಅಂಗಡಿಯವರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಆಂಟಿ, ಶೆಲ್ಫ್ ಖಾಲಿ ಇಟ್ರೆ ನಂಗೆ ಲಾಸ್ ಅಲ್ವಾ? ಕರ್ಕ್‌ಲ್ಯಾಂಡ್‌ನಿಂದ ಒಬ್ರು ಗುಜರಾತಿ ಅಕ್ಕ, ಖಾಕ್ರಾ ಮಾಡೋ ಬೆನ್, ಬರ್ತಾರೆ, ಆರು ಫ್ಲೇವರ್ ಇದೆಯಂತೆ. ವಾರಾ ವಾರಾ ಕೇಳ್ತಿದಾರೆ."

"ಖಾಕ್ರಾ ತಿಂದ್ರೆ ಹೊಟ್ಟೆ ತುಂಬತ್ತೇನಪ್ಪಾ? ಅದು ಹಪ್ಪಳಕ್ಕೆ ಬಂದ ಜ್ವರ."

"ನಂಗೊತ್ತು ಆಂಟಿ. ಆದ್ರೆ ಅವರು ಟೈಮಿಗೆ ತರ್ತಾರೆ. ಸಂಕ್ರಾಂತಿ ಹಿಂದಿನ ಶನಿವಾರ ನಂಗೆ ಎಳ್ಳು ಹಾಕಿದ ಸಜ್ಜೆ ರೊಟ್ಟಿ ಅರವತ್ತು ಪ್ಯಾಕೆಟ್ ಬೇಕು. ಅಷ್ಟು ತಂದ್ರೆ ಶೆಲ್ಫ್ ನಿಮ್ದು. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ."

ಆಂಟಿ ಎಂದರೆ ನನಗೆ ಆಗದು, ಆದರೆ ಅಂದು ನುಂಗಿಕೊಂಡೆ. ಎರಡು ತಿಂಗಳು ಇದ್ದವು. ಯಂತ್ರ ಹೋಗಿ ಬರಲು ಧಾರಾಳ ಸಾಕು ಎಂದುಕೊಂಡೆ.

ಪೆಟ್ಟಿಗೆ ಕಟ್ಟುವ ದಿನ ನಾನು ಅದರ ತೂಕ ಇಳಿಸುವ ಕೆಲಸದಲ್ಲಿ ಮುಳುಗಿದ್ದೆ. ಕೊರಿಯರಿನ ಕಾಗದ ತುಂಬಿಸುವುದು ಯಜಮಾನರ ಖಾತೆ, ಅಕ್ಷರ ಮುತ್ತಿನಂಥದ್ದು. ಬಗ್ಗಿ ನೋಡಿದೆ. ಕಳಿಸುವ ಕಾರಣ ಎಂಬಲ್ಲಿ "ಗಿಫ್ಟ್" ಎಂದು ಬರೆದಿದ್ದಾರೆ.

"ರೀ, ಅದು ರಿಪೇರಿಗೆ ಹೋಗೂದು. ಹಂಗ ಬರೀರಲ್ಲ."

"ರಿಪೇರಿ ಅಂದ್ರ ನೂರಾ ಎಂಟ ಪ್ರಶ್ನೆ ಕೇಳ್ತಾರ, ಟ್ಯಾಕ್ಸ್ ಹಾಕ್ತಾರ. ಗಿಫ್ಟ್ ಅಂದ್ರ ಸುಮ್ನ ಬಿಡ್ತಾರ. ಇಪ್ಪತ್ತ ವರ್ಷದಿಂದ ಮತ್ತೇನ್ ಬರಕೋತ ಬಂದೀನಿ ನಾನು?"

ಅದೂ ನಿಜ. ನಮ್ಮ ಜನ ಸಮುದ್ರ ದಾಟಿಸಿದ ಯಾವ ವಸ್ತುವಿಗೂ ಇಲ್ಲಿಯತನಕ ಬೇರೆ ಹೆಸರಿಲ್ಲ. ಮಾವನ ಮೊಣಕಾಲ ಪಟ್ಟಿ ಗಿಫ್ಟು. ಅತ್ತೆಯ ಬಿಪಿ ನೋಡುವ ಯಂತ್ರ ಗಿಫ್ಟು. ಅಲ್ಲಿಂದ ಬರುವ ಅಗಸಿ ಹಿಂಡಿ, ಇಳಕಲ್ ಸೀರೆ, ಯಾರದೋ ಮದುವೆಯ ಆರತಿ ತಟ್ಟೆ ಎಲ್ಲ ಗಿಫ್ಟು. ಮಾರಾಟ, ರಿಪೇರಿ, ಸಾಲ, ವಾಪಸಾತಿ ಎಂಬ ಶಬ್ದಗಳೇ ನಮ್ಮ ಪಾರ್ಸೆಲ್ಲುಗಳಲ್ಲಿ ಇಲ್ಲ, ಪ್ರೀತಿಯೊಂದೇ. ಮೇಲೆ ಬೆಲೆಯ ಜಾಗದಲ್ಲಿ ಪೂರ್ತಿ ಸಾವಿರದ ನಾಲ್ಕುನೂರು ಡಾಲರ್ ಎಂದು ಬರೆದರು, ಕಳೆದುಹೋದರೆ ವಿಮೆ ಪೂರ್ತಿ ಬರಬೇಕಲ್ಲ! ಒಬ್ಬನೇ ಮನುಷ್ಯ ಒಂದೇ ಕಾಗದದಲ್ಲಿ ದಾನಿಯೂ ಆದ, ಜಿಪುಣನೂ ಆದ.

ಹತ್ತು ದಿನದಲ್ಲಿ ಹುಬ್ಬಳ್ಳಿಯಿಂದ ಫೋನು.

"ಅಕ್ಕಾರ, ನಿಮ್ಮ ಉಡುಗೊರಿ ಬಂತ್ರಿ." ದನಿಯಲ್ಲಿ ಹಳೆಯ ಖುಷಿ ಇರಲಿಲ್ಲ. "ಆದ್ರ ಬಿಡಿಸ್ಕೊಳ್ಳಾಕ ರೊಕ್ಕ ಕೇಳ್ತಾರಲ್ರಿ. ನಾನ ಮಾಡಿದ ಮಷೀನು. ನನ್ನ ಕೈಲೆ ವೆಲ್ಡಿಂಗ್ ಮಾಡೀನಿ. ಅದನ್ನ ನನಗ ಕೊಡಾಕ ನನಗ ಸುಂಕ ಹಾಕ್ತಾರಂದ್ರ ಇದ್ಯಾವ ನ್ಯಾಯಾರಿ?"

ನ್ಯಾಯ ಇತ್ತು, ನಾವು ಕೇಳಿರಲಿಲ್ಲ ಅಷ್ಟೆ. ಭಾರತದಲ್ಲೇ ತಯಾರಾದ ವಸ್ತು ರಿಪೇರಿಗೆಂದು ಮರಳಿ ಬಂದರೆ, ಗೊತ್ತುಮಾಡಿದ ಅವಧಿಯೊಳಗೆ ಮತ್ತೆ ಹೊರಗೆ ಕಳಿಸುತ್ತೇವೆಂದು ತಯಾರಕರು ಬಾಂಡ್ ಬರೆದುಕೊಟ್ಟರೆ ಸುಂಕ ಬಿಡುವ ಪದ್ಧತಿಯಿದೆ. ಆದರೆ ಕಾಗದ "ರಿಪೇರಿ" ಎನ್ನಬೇಕು. ನಮ್ಮ ಕಾಗದ ಏನೆನ್ನುತ್ತಿತ್ತು? ಅಮೆರಿಕದ ಒಬ್ಬ ಮಹಾತಾಯಿ ಹುಬ್ಬಳ್ಳಿಯ ರೊಟ್ಟಿ ಯಂತ್ರದ ತಯಾರಕನಿಗೆ, ಲಕ್ಷದ ಮೇಲೆ ಬೆಲೆ ಬಾಳುವ ರೊಟ್ಟಿ ಯಂತ್ರವನ್ನು ಪ್ರೀತಿಯಿಂದ ಕೊಟ್ಟಿದ್ದಾಳೆ. ಬಂದ ದಾನಕ್ಕೆ ಬೆಲೆಯ ಮೇಲೆ ಸುಂಕ ಬಿತ್ತು. ಪಾಪ, ಅಣ್ಣ ಕಟ್ಟಿ ಬಿಡಿಸಿಕೊಂಡರು. ಆ ದುಡ್ಡನ್ನು ನಾನು ಅವರ ಖಾತೆಗೆ ಹಾಕಿದೆ, ಪೂರ್ತಿ. ಚೌಕಾಸಿ ಮಾಡಲು ಬಾಯಿ ತೆರೆದೆ, ಯಜಮಾನರ ಮುಖ ನೋಡಿ ಮುಚ್ಚಿಕೊಂಡೆ. ತಪ್ಪು ಅವರದು, ಶಿಕ್ಷೆ ಬೇರೆ ಥರ ಕೊಡೋಣ ಎಂದುಕೊಂಡೆ.

ಶಿಕ್ಷೆಯೆಂದರೆ ರೊಟ್ಟಿ ಬಡಿಯುವುದು. ಯಂತ್ರ ಬರುವತನಕ ಶೆಲ್ಫು ಪೂರ್ತಿ ಖಾಲಿ ಬಿದ್ದರೆ ಕೆಟ್ಟದ್ದು, ನನ್ನ ಮಣಿಕಟ್ಟು ನಡೆಯದು. ಶನಿವಾರ, ಭಾನುವಾರ ಅಡುಗೆಮನೆಯಲ್ಲಿ ಅವರು ಬಡಿದರು, ನಾನು ಬೇಯಿಸಿದೆ. ದಪ್ಪ ಒಂದೇ ಸಮ ಬರಬೇಕೆಂದು ಫ್ಯಾಕ್ಟರಿಯವರ ಹಾಗೆ ಅಳೆಯುವ ಸಾಧನ ತಂದಿದ್ದರು. ದಪ್ಪ ಸರಿಯಾಗಿ ಬಂತು, ಆಕಾರ ಬರಲಿಲ್ಲ. ಅಂಗಡಿಯವರು ಪ್ಯಾಕೆಟ್ ಎತ್ತಿ ಬೆಳಕಿಗೆ ಹಿಡಿದರು.

"ಆಂಟಿ, ಇದು ರೊಟ್ಟೀನಾ, ಆಸ್ಟ್ರೇಲಿಯಾ ಮ್ಯಾಪಾ?"

"ಕೈಯಲ್ಲಿ ಮಾಡಿದ್ದಪ್ಪ. ಇದಕ್ಕೆ ರೇಟು ಒಂದು ಡಾಲರ್ ಜಾಸ್ತಿ."

ಜಾಸ್ತಿಗೇ ಮಾರಿದರು, ಅದು ಬೇರೆ ಮಾತು. ಆದರೆ ನಲವತ್ತು ಪ್ಯಾಕೆಟ್ ಕೂರುತ್ತಿದ್ದ ಶೆಲ್ಫಿನಲ್ಲಿ ಏಳೆಂಟು ಕೂತರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಖಾಕ್ರಾದ ಬೆನ್ ಒಂದು ದಿನ ಅಲ್ಲೇ ಸಿಕ್ಕರು. ಶೆಲ್ಫಿನ ಉದ್ದವನ್ನು ಗೇಣಿನಲ್ಲಿ ಅಳೆಯುತ್ತಿದ್ದರು. ನನ್ನನ್ನು ನೋಡಿ ನಕ್ಕು, ಒಂದು ಮೆಂತ್ಯ ಖಾಕ್ರಾ ತಿನ್ನಲು ಕೊಟ್ಟರು. ರುಚಿಯಾಗಿತ್ತು. ಅದೇ ನನಗೆ ಹೆಚ್ಚು ಸಂಕಟ ತಂದದ್ದು.

ಡಿಸೆಂಬರ್ ಕೊನೆಗೆ ಹುಬ್ಬಳ್ಳಿಯಿಂದ ವಿಡಿಯೊ ಬಂತು. ಯಂತ್ರ ಮದುಮಗಳ ಹಾಗೆ ನಿಂತಿದೆ. ಮೊದಲು ಬೂದಿ ಬಣ್ಣದ್ದು, ಈಗ ಗಿಳಿ ಹಸಿರು. ಹೊಸ ಮೋಟರು. ಹಳೆಯ ತಗಡಿನ ನಾಮಫಲಕ ತೆಗೆದು ಹೊಸದಾಗಿ ಹಿತ್ತಾಳೆಯದು, ಅದರ ಮೇಲೆ ವರ್ಕ್‌ಶಾಪಿನ ದೇವಿಯ ಚಿತ್ರ.

"ಹೊಸಾದ್ರಂಗ ಮಾಡೀನ್ರಿ ಅಕ್ಕಾರ. ನೋಡಿದವ್ರು ಹಳೇದು ಅನ್ನಬಾರದು."

"ಭಾಳ ಛಲೋ ಆಗೇತ್ರಿ ಅಣ್ಣಾರ."

"ಮತ್ತ ಚಿಂತಿ ಬ್ಯಾಡ್ರಿ, ನಿಮಗ ಆ ಕಡೆ ಟ್ಯಾಕ್ಸ್ ಬೀಳಬಾರದಂತ ಗಿಫ್ಟ್ ಅಂತ ಬರದ ಹಾಕೀನಿ. ಬೆಲಿ ಬರೇ ನಲವತ್ತ ಡಾಲರ್ ತೋರಿಸೀನಿ."

ಪೆಟ್ಟಿಗೆ ಆಗಲೇ ಹೊರಟಾಗಿತ್ತು.

ಪೆಟ್ಟಿಗೆ ವಿಮಾನ ನಿಲ್ದಾಣದ ಪಕ್ಕದ ಗೋದಾಮಿಗೆ ಬಂದು ಅಲ್ಲೇ ನಿಂತಿತು. ಮಾಹಿತಿ ಬೇಕು ಎಂದು ಮೆಸೇಜು. ಒಬ್ಬ ಕಸ್ಟಮ್ಸ್ ಬ್ರೋಕರನ್ನು ಹಿಡಿದೆ. ಸುಂಕದ ಇಲಾಖೆಗೂ ನಮ್ಮಂಥವರಿಗೂ ನಡುವೆ ನಿಂತು ಕಾಗದ ಸರಿಮಾಡಿಸುವ ಹೆಂಗಸು, ಪ್ರಶ್ನೆಗೊಂದರಂತೆ ದುಡ್ಡು ಎಣಿಸುವವಳ ಹಾಗೆ ಮಾತಾಡುತ್ತಿದ್ದಳು. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿದರೆ ನನ್ನ ಮಾನ ಸ್ವಲ್ಪ ಉಳಿಯುತ್ತದೆ.

"ಈ ಗಿಫ್ಟನ್ನು ನಿಮಗೆ ಕೊಟ್ಟವರು ಯಾರು?"

"ಯಂತ್ರ ತಯಾರಿಸುವವರು."

"ತಯಾರಕರು ನಿಮಗೆ ಯಾಕೆ ಗಿಫ್ಟ್ ಕೊಡುತ್ತಾರೆ?"

"ನಾವು ಅವರಿಗೆ ಕೊಟ್ಟಿದ್ದೆವು."

"ಏನು ಕೊಟ್ಟಿದ್ದಿರಿ?"

"ಇದನ್ನೇ."

ಯೂನಿವರ್ಸಿಟಿಯಲ್ಲಿ ಓದುವ, ಊಟಕ್ಕೆಂದು ಮನೆಗೆ ಬಂದಿದ್ದ ಮಗಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳು. "ಸೋ ಅಪ್ಪಾ ಗೇವ್ ಹಿಮ್ ಹಿಸ್ ಓನ್ ಮಷೀನ್? ದಟ್ಸ್ ಸೋ ಸ್ವೀಟ್," ಎಂದಳು. ಯಜಮಾನರು ಎದ್ದು ಗರಾಜಿಗೆ ಹೋದರು.

ಬ್ರೋಕರಿನವಳು ಬಿಡಿಸಿ ಹೇಳಿದಳು. ಗಿಫ್ಟಿನ ವಿನಾಯಿತಿ ಮನುಷ್ಯರು ಮನುಷ್ಯರಿಗೆ ಕಳಿಸುವ ಸಣ್ಣಪುಟ್ಟ ವಸ್ತುಗಳಿಗೆ; ವರ್ಕ್‌ಶಾಪು ನನ್ನ ವ್ಯಾಪಾರಕ್ಕೆ ಕಳಿಸುವ ಯಂತ್ರಕ್ಕಲ್ಲ. ನೋಡಿದರೆ ಹೊಸ ಯಂತ್ರ, ಹೊಸ ಫಲಕ, ಬೆಲೆ ಮಾತ್ರ ನಲವತ್ತು. ಹೀಗೇ ಬಿಟ್ಟರೆ ಹೊಸ ಯಂತ್ರವೆಂದೇ ಹಿಡಿದು ಪೂರ್ತಿ ಬೆಲೆಯ ಮೇಲೆ ಸುಂಕ ಹಾಕುತ್ತಾರೆ, ಸುಳ್ಳು ಬೆಲೆ ಬರೆದದ್ದಕ್ಕೆ ಕೇಳುವುದು ಬೇರೆ. ಆದರೆ ರಿಪೇರಿಗೆ ಹೋಗಿ ಬಂದದ್ದು ಎಂದು ತೋರಿಸಿದರೆ ರಿಪೇರಿಯ ಬೆಲೆಯಷ್ಟಕ್ಕೇ ಸುಂಕ.

ನನಗೆ ಇದು ಥಟ್ಟನೆ ಹೊಳೆಯಿತು. ಮಗಳು ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಮರಳಿ ಗಂಡನ ಮನೆಗೆ ಬರುತ್ತಾಳೆ. ಮತ್ತೆ ಮದುವೆಯ ಖರ್ಚು ಯಾರಾದರೂ ಕೇಳುತ್ತಾರೆಯೇ? ಇಲ್ಲ. ಕೈಯಲ್ಲಿ ಹೊಸದಾಗಿ ಬಂದಿರುವ ಕೂಸಿಗೆ ಮಾತ್ರ ಲೆಕ್ಕ. ಹೋದವಳೂ ಬಂದವಳೂ ಒಬ್ಬಳೇ ಎಂದು ತೋರಿಸಬೇಕು, ಅಷ್ಟೆ. ನಾವು ಏನು ಮಾಡಿದ್ದೆವು? ಹೋಗುವಾಗ ಬೇರೆ ಮನೆಗೆ ದತ್ತು ಕೊಟ್ಟೆವು, ಬರುವಾಗ ಬಣ್ಣ ಹಚ್ಚಿ ಹೆಸರು ಬದಲಿಸಿ ಕರೆತಂದೆವು.

ಎರಡು ಕೆಲಸ ಬಿದ್ದವು. ಮೊದಲನೆಯದು, ರಿಪೇರಿಯ ನಿಜವಾದ ಬೆಲೆಯನ್ನು ತಯಾರಕರಿಂದ ಬರೆಸಿಕೊಳ್ಳುವುದು. ಗ್ಯಾರಂಟಿಯಲ್ಲಿ ಪುಕ್ಕಟೆ ಮಾಡಿದರೂ ಅದರ ಬೆಲೆ ಬೇಕೇ ಬೇಕು. ಸುಂಕದವರ ಕಣ್ಣಿನಲ್ಲಿ ಪುಕ್ಕಟೆ ಎಂಬುದಿಲ್ಲ. ಮರುದಿನ ಮುಂಜಾನೆ ಹುಬ್ಬಳ್ಳಿಗೆ ಫೋನು, ಅಲ್ಲಿ ರಾತ್ರಿ ಊಟದ ಹೊತ್ತು.

"ಅಣ್ಣಾರ, ರಿಪೇರಿಗೆ ಎಷ್ಟಾತ ಹೇಳ್ರಿ."

"ಏ, ಬಿಡ್ರಿ ಅಕ್ಕಾರ! ನಿಮ್ಮ ಕಡೆ ರೊಕ್ಕ ತಗೊಂಡ್ರ ಹೆಂಗ್ರಿ?"

"ಕೊಡಾಂಗಿಲ್ರಿ ನಾನು. ಬರೇ ಹೇಳ್ರಿ."

"ಕೊಡಾಂಗಿಲ್ಲಂದ್ರ ಕೇಳೂದ್ಯಾಕ್ರಿ?" ಅವರಿಗೆ ಅನುಮಾನ. ಸ್ವಲ್ಪ ಯೋಚಿಸಿ, "ಐನೂರ ರೂಪಾಯಿ ಅಂತ ಬರಕೊಳ್ರಿ," ಎಂದರು.

"ಹೊಸಾ ಮೋಟರ್ ಹಾಕೀರಿ, ಐನೂರಕ್ಕ ಯಾರ್ ನಂಬ್ತಾರ? ಹೆಚ್ಚಿಗಿ ಹೇಳ್ರಿ."

"ಎರಡ ಸಾವಿರ?"

"ಇನ್ನೂ ಏರಸ್ರಿ ಅಣ್ಣಾರ."

ಫೋನಿನ ಆ ಕಡೆ ಅವರ ಹೆಂಡತಿಯ ದನಿ: "ಯಾರದು?" ಅಣ್ಣ ದನಿ ತಗ್ಗಿಸಿದರು: "ಅಮೆರಿಕಾದ ಅಕ್ಕಾರು. ಹೋದ ವರ್ಷ ನೂರ ರೂಪಾಯಿಗೆ ಜೀವಾ ತಗದಿದ್ರಲ್ಲ, ಅವ್ರು. ಈಗ ರೇಟ್ ಏರಸ್ರಿ ಅಂತಾರ. ಮೈಯಾಗ ಆರಾಮಿಲ್ಲೇನ!"

ಜೀವಮಾನವಿಡೀ ಬೆಲೆ ಇಳಿಸಿದ ಬಾಯಿಗೆ ಏರಿಸುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ಕೊನೆಗೆ ಸಮಾಧಾನದಿಂದ ಕೇಳಿದೆ: ಇದೇ ರಿಪೇರಿ ಗ್ಯಾರಂಟಿ ಇಲ್ಲದ ಗಿರಾಕಿಗೆ ಮಾಡಿದ್ದರೆ ಎಷ್ಟು ತಗೊತಿದ್ರಿ? ಮೋಟರು, ಬೇರಿಂಗು, ಬಣ್ಣ, ಎರಡು ದಿನದ ಕೂಲಿ ಎಂದು ಕೂಡಿಸಿ ಹದಿನೆಂಟು ಸಾವಿರದ ನಾಲ್ಕುನೂರು ಎಂದರು.

"ಹದಿನೈದ ಮಾಡ್ರಿ," ಎಂದುಬಿಟ್ಟೆ. ಬಾಯಿ ಚಟ.

"ನೋಡ್ರಿ, ಈಗ ನಿಮ್ಮ ದನಿ ಗುರ್ತು ಹತ್ತಿತು," ಎಂದು ಅವರು ನಕ್ಕರು. ನಾನು ತುಟಿ ಕಚ್ಚಿಕೊಂಡು, ಹದಿನೆಂಟು ಸಾವಿರದ ನಾಲ್ಕುನೂರೇ ಇರಲಿ, ಏನೇನು ಮಾಡಿದಿರೋ ಅದಷ್ಟನ್ನೂ ಬರೆದು ಸಹಿ ಹಾಕಿ ಕಳಿಸಿರಿ ಎಂದೆ. ಇಲ್ಲಿ ಸಂಜೆಯಾಗುವುದರೊಳಗೆ ಕಳಿಸಿದರು.

ಎರಡನೆಯ ಕೆಲಸ ಕಠಿಣ. ಇದು ಅದೇ ಯಂತ್ರ ಎಂದು ತೋರಿಸುವುದು. ಬಣ್ಣ ಬೇರೆ, ಮೋಟರ್ ಬೇರೆ, ನಾಮಫಲಕ ಬೇರೆ. ಹಳೆಯ ಫಲಕ ಎಲ್ಲಿ ಎಂದರೆ ಅಣ್ಣ ಗುಜರಿಗೆ ಹಾಕಿದ್ದರು. ಕೊಂಡ ಬಿಲ್ಲಿನಲ್ಲಿ ನಂಬರು ಇತ್ತು, ಆದರೆ ಆ ನಂಬರಿನ ಯಂತ್ರ ಇದೇ ಎನ್ನಲು ಏನು ಸಾಕ್ಷಿ? ಅಣ್ಣ ಹೇಳಿದರು, "ನಂಬರ್ ಫ್ರೇಮಿಗೂ ಹೊಡದಿರ್ತೀವ್ರಿ, ಕೆಳಗ ಕಾಲಿನ ಪಟ್ಟಿ ಮ್ಯಾಲ. ಬಣ್ಣದ ಅಡಿಯಾಗ ಕೈ ಆಡಸಿದ್ರ ಹತ್ತತೈತಿ."

ಈಗ ಪೆಟ್ಟಿಗೆಯೊಳಗಿರುವ ಯಂತ್ರದ ಕಾಲಿನಲ್ಲಿ ನಂಬರು ಇದೆ, ಸರಿ. ಹೋಗುವ ಮೊದಲು ಇಲ್ಲಿ ರೆಂಟನ್ನಿನಲ್ಲಿ ಇದ್ದ ಯಂತ್ರದ ಕಾಲಿನಲ್ಲೂ ಅದೇ ನಂಬರಿತ್ತೆಂದು ಏನು ಗುರುತು? ಯಂತ್ರದ ಕಾಲಿನ ಫೋಟೊ ಯಾರು ತೆಗೆದಿಟ್ಟುಕೊಳ್ಳುತ್ತಾರೆ?

ನಾವು ತೆಗೆದಿದ್ದೆವು. ಆಯುಧಪೂಜೆಯ ದಿನ. ಕಾರು, ಮಿಕ್ಸಿ, ಯಜಮಾನರ ಲ್ಯಾಪ್‌ಟಾಪು ಎಲ್ಲದರ ಜೊತೆಗೆ, ಅಡುಗೆಮನೆಗೆ ಹೋಗಿ ಯಂತ್ರಕ್ಕೂ ಪೂಜೆ ಮಾಡಿದ್ದೆ. ದೇವರಿಗೆ ಮಾಡಿದ ಹಾಗೆ ಪಾದದಿಂದ ಶುರು. ಕಾಲಿನ ಪಟ್ಟಿಗೆ ಅರಿಶಿನ ಬಳಿದು ಮೇಲೆ ಕುಂಕುಮ ಇಟ್ಟಿದ್ದೆ. ಊರಿನ ಗುಂಪಿಗೆ ಕಳಿಸಲೆಂದು ಮಗಳಿಂದ ಫೋಟೊ ತೆಗೆಸಿದ್ದೆ. ಫೋನಿನಲ್ಲಿ ಹುಡುಕಿ ದೊಡ್ಡದು ಮಾಡಿ ನೋಡಿದರೆ, ಅರಿಶಿನ ಆ ಕೊರೆದ ಅಂಕಿಗಳ ಒಳಗೆ ಇಳಿದು, ಒಂದೊಂದು ಅಂಕಿಯೂ ಹಳದಿಯಾಗಿ ಎದ್ದು ಕಾಣುತ್ತಿತ್ತು. ಹಿಂದೆ ಬಾಡಿಗೆ ಅಡುಗೆಮನೆಯ ಬೆಂಕಿ ಆರಿಸುವ ಸಿಲಿಂಡರು, ಅದರ ಮೇಲಿನ ಇಂಗ್ಲಿಷ್ ಚೀಟಿ ಸಹಿತ.

ಬ್ರೋಕರಿನವಳಿಗೆ ಕಳಿಸಿದೆ. ಅವಳು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: "ಯಂತ್ರಕ್ಕೆ ಏನಾಗಿದೆ? ತುಕ್ಕೇ?"

"ಪೂಜೆ."

"ಅದು ಇಲಾಖೆಗೆ ಬೇಕಾಗಿಲ್ಲ. ನಂಬರ್ ಕಾಣುತ್ತದೆ, ತಾರೀಖು ಇದೆ, ಜಾಗ ಗೊತ್ತಾಗುತ್ತದೆ. ಸಾಕು."

ಮೊದಲು ಬರೆದದ್ದು ಎರಡೂ ಕಡೆ ತಪ್ಪು ಎಂದು ಒಪ್ಪಿಕೊಂಡು ಒಂದು ಪತ್ರ ಕೊಡಬೇಕಾಯಿತು. ನಾನು ಎರಡು ಪುಟ ಬರೆದೆ. ನಮ್ಮಲ್ಲಿ ಗಿಫ್ಟ್ ಎನ್ನುವ ರೂಢಿ ಹೇಗೆ ಬಂತು ಎಂಬುದರಿಂದ ಶುರುಮಾಡಿದ್ದೆ. ಅವಳು ಅದನ್ನು ನಾಲ್ಕು ಸಾಲಿಗೆ ಇಳಿಸಿದಳು: ಇದು ಗಿಫ್ಟ್ ಅಲ್ಲ, ರಿಪೇರಿಗೆ ಹೋಗಿತ್ತು, ಇಂಥ ಬೆಲೆಯ ರಿಪೇರಿ ಆಗಿದೆ, ಕಾಗದ ಲಗತ್ತಿಸಿದೆ. ನಾಲ್ಕು ಸಾಲಿಗೂ ಫೀಸು ಎರಡು ಪುಟದ್ದೇ. ಇಳಿಸಿ ಎಂದು ಕೇಳಿದೆ. ಇಳಿಸಲಿಲ್ಲ. ಆ ಹೆಂಗಸನ್ನು ಕಂಡರೆ ನನಗೆ ಗೌರವ.

ಕೊನೆಗೆ ಸುಂಕ ಬಿದ್ದದ್ದು ರಿಪೇರಿಯ ಬೆಲೆಯ ಮೇಲೆ ಮಾತ್ರ. ಇಡೀ ಖರ್ಚಿನಲ್ಲಿ ಅತಿ ಸಣ್ಣ ಮೊತ್ತ ಅದೇ. ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದರೋ ಅದು.

ಆದರೆ ದಿನಗಳು ಯಾರಿಗೂ ಕಾಯಲಿಲ್ಲ. ಸಂಕ್ರಾಂತಿ ಹಿಂದಿನ ಶನಿವಾರ ಮುಗಿದು ಸೋಮವಾರ ಯಂತ್ರ ಕೈಗೆ ಬಂತು. ಇಳಿಸಿದ್ದೇ ಹಚ್ಚಿದೆವು. ಗಿಳಿ ಹಸಿರಿನ ಯಂತ್ರ ಮಗ್ಗದ ಹಾಗೆ ಒಂದೇ ಲಯದಲ್ಲಿ ಓಡಿತು. ಯಜಮಾನರು ರಜೆ ಹಾಕಿ ಎಳ್ಳು ಉದುರಿಸಿದರು. ಭೋಗಿಯ ದಿನ ಮುಂಜಾನೆ ಅರವತ್ತರ ಬದಲು ಎಂಬತ್ತು ಪ್ಯಾಕೆಟ್ ಸಜ್ಜೆ ರೊಟ್ಟಿ ಕಾರಿನಲ್ಲಿ ತುಂಬಿಕೊಂಡು ರೆಡ್ಮಂಡಿಗೆ ಹೋದೆ.

ನನ್ನ ಶೆಲ್ಫಿನಲ್ಲಿ ಆರು ಬಣ್ಣದ ಖಾಕ್ರಾ ಸಾಲಾಗಿ ನಿಂತಿತ್ತು.

"ಶನಿವಾರ ಕಾದೆ ಆಂಟಿ," ಎಂದರು ಅಂಗಡಿಯವರು. ಸುಳ್ಳಲ್ಲ, ಮುಖ ಸಣ್ಣದಾಗಿತ್ತು. "ಭಾನುವಾರನೂ ಕಾದೆ. ಫೋನ್ ಮಾಡಿದ್ರೆ ನೀವು ಕಸ್ಟಮ್ಸ್ ಅಂತೀರಾ. ಅವರಿಗೆ ಯುಗಾದಿವರೆಗೂ ಅಂತ ಮಾತು ಕೊಟ್ಬಿಟ್ಟೆ."

ಮಾತು ಕೊಟ್ಟವನನ್ನು ಒತ್ತಾಯ ಮಾಡಬಾರದು. ಇವತ್ತು ನನಗಾಗಿ ಮುರಿದವನು ನಾಳೆ ನನ್ನದನ್ನೂ ಮುರಿಯುತ್ತಾನೆ. ಹಾಗೆಂದು ಎಂಬತ್ತು ಪ್ಯಾಕೆಟ್ ಹೊತ್ತು ವಾಪಸ್ ಹೋಗುವವಳೂ ಅಲ್ಲ. ಬಾಗಿಲ ಹತ್ತಿರ ಒಂದು ಮೇಜು ಹಾಕಿಸಿಕೊಂಡೆ. ಎಳ್ಳು ಬೆಲ್ಲ ಒಂದು ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ಕೊಟ್ಟೆ. ಎಳ್ಳು ಬೆಲ್ಲ ಕೈಗೆ ಬಿದ್ದ ಮೇಲೆ ಸುಮ್ಮನೆ ದಾಟಿಹೋಗುವ ಎದೆಗಾರಿಕೆ ಕನ್ನಡಿಗರಿಗಾಗಲಿ ತೆಲುಗರಿಗಾಗಲಿ ಇಲ್ಲ. ಸಂಜೆಗೆ ಮೂರು ಪ್ಯಾಕೆಟ್ ಉಳಿದವು, ಅವೂ ಮುರಿದಂಥವು. ಅಂಗಡಿಯವರು ಬಂದು ಮೇಜಿನ ಎದುರು ನಿಂತರು.

"ಸರಿ ಆಂಟಿ, ಸೊಂಟದ ಮಟ್ಟದ್ದು ಒಂದು ಶೆಲ್ಫ್ ಇದೆ. ಉಪ್ಪಿನಕಾಯಿ ಪಕ್ಕ."

"ಕಮಿಷನ್ ಹದಿನೈದು."

"ಹದಿನೆಂಟಿತ್ತಲ್ಲ!"

"ಅದು ಕಣ್ಣಿನ ಮಟ್ಟದ್ದು. ಬಗ್ಗೋದಕ್ಕೆ ಮೂರು ಪರ್ಸೆಂಟ್."

ಹದಿನಾರಕ್ಕೆ ಮುಗಿಯಿತು. ಕಣ್ಣಿನ ಮಟ್ಟ ಹೋಯಿತು, ಅದನ್ನು ಇನ್ನೂ ಮರಳಿ ಪಡೆದಿಲ್ಲ. ಖಾಕ್ರಾದ ಬೆನ್ ಈಗ ಏಳನೆಯ ಫ್ಲೇವರ್ ತಂದಿದ್ದಾರೆ.

ಆದ್ದರಿಂದ ಓದುಗರೇ, ನನ್ನ ದುಡ್ಡಿನಲ್ಲಿ ನೀವು ಕಲಿತುಕೊಳ್ಳಿ. ವಸ್ತು ರಿಪೇರಿಗೆ ಹೋಗುತ್ತಿದ್ದರೆ ಕಾಗದದಲ್ಲಿ ರಿಪೇರಿಗೆ ಹೋಗಿ ಮರಳಿ ಬರುತ್ತದೆ ಎಂದೇ ಬರೆಯಿರಿ, ಹೋಗುವಾಗಲೂ ಬರುವಾಗಲೂ, ಎರಡೂ ಕಾಗದ ಒಂದೇ ಮಾತು ಆಡಲಿ. ಕಳಿಸುವ ಮೊದಲೇ ಇಲ್ಲಿನ ಕಸ್ಟಮ್ಸಿಗೆ ವಸ್ತುವನ್ನು ತೋರಿಸಿ ನೋಂದಣಿ ಮಾಡಿಸುವ ವ್ಯವಸ್ಥೆಯಿದೆ. ಅರ್ಧ ದಿನ ಹೋಗುತ್ತದೆ, ಹೋಗಲಿ. ಅಲ್ಲಿಯ ತಯಾರಕರಿಗೆ, ಪೆಟ್ಟಿಗೆ ವಿಮಾನ ಹತ್ತುವ ಮೊದಲೇ, ಬಾಂಡಿನ ವಿಷಯ ಕೇಳಿಕೊಳ್ಳಲು ಹೇಳಿ. ನಂಬರಿನ ಫೋಟೊ ತೆಗೆದಿಡಿ, ಫಲಕದ್ದೂ, ಕೊರೆದದ್ದೂ. ಬಣ್ಣ ಬದಲಿಸಬೇಡಿ, ಫಲಕ ಮುಟ್ಟಬೇಡಿ ಎಂದು ಕೈಮುಗಿದು ಹೇಳಿ. ನಮ್ಮ ಕಡೆಯವರಿಗೆ ಪ್ರೀತಿ ಹೆಚ್ಚಾದರೆ ಮೊದಲು ಕೈಗೆ ಸಿಗುವುದು ಬ್ರಷ್. ಪುಕ್ಕಟೆ ಮಾಡಿದ ರಿಪೇರಿಗೂ ನಿಜವಾದ ಬೆಲೆಯನ್ನು ಬರೆಸಿಕೊಳ್ಳಿ, ಕಡಿಮೆಯೂ ಬೇಡ, ಹೆಚ್ಚೂ ಬೇಡ. ಸುಂಕದ ದರ ಈಗೀಗ ಆಗಾಗ ಬದಲಾಗುತ್ತಿದೆ. ಹೋದ ತಿಂಗಳು ಗೆಳತಿ ಹೇಳಿದ್ದನ್ನು ನಂಬಬೇಡಿ, ನಾನು ಹೇಳಿದ್ದನ್ನೂ ಕಳಿಸುವ ವಾರ ಒಮ್ಮೆ ಬ್ರೋಕರಿಗೆ ಕೇಳಿ ನೋಡಿ. ಬ್ರೋಕರಿಗೆ ಮೊದಲೇ ಕೊಟ್ಟರೆ ಒಂದು ಪಾಲು, ಪೆಟ್ಟಿಗೆ ಸಿಕ್ಕಿಬಿದ್ದ ಮೇಲೆ ಕೊಟ್ಟರೆ ನಾಲ್ಕು ಪಾಲು.

ಇನ್ನೂ ಕೊಂಡಿಲ್ಲ, ಈಗ ಕೊಳ್ಳಲು ಹೊರಟಿದ್ದೀರಾ? ಹಾಗಾದರೆ ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳಬೇಡಿ, ಎಲ್ಲಿ ಎಂದು ಕೇಳಿ. ಬೆಲೆಯಲ್ಲಿ ಕೊನೆಯ ಸಾವಿರ ರೂಪಾಯಿಗೆ ಜಗ್ಗಾಡುವುದನ್ನು ಬಿಟ್ಟು, "ಆ ಸಾವಿರ ನೀವೇ ಇಟ್ಟುಕೊಳ್ಳಿ, ಬದಲಿಗೆ ಒಂದು ಹೆಚ್ಚುವರಿ ಮೋಟರು ಮತ್ತು ಒಂದು ಜೊತೆ ಬೇರಿಂಗ್ ಪೆಟ್ಟಿಗೆಯಲ್ಲಿ ಹಾಕಿಕೊಡಿ" ಎನ್ನಿ. ಚಹಾ ಮುಗಿದು, ಗಿರಮಿಟ್ಟಿನ ತಟ್ಟೆ ಖಾಲಿಯಾದ ಮೇಲೆ, ಏಳುವ ಹಾಗೆ ಮಾಡಿ ಕೇಳಿ. ಕೊಡುತ್ತಾರೆ.